ರೈಟ್, ರೈಟ್

ಒಂದು ಬಡಿದರೆ ನಿಲ್ಲು. ಎರಡು ಬಡಿದರೆ ನಡೆ.
ಟ್ರೈನಿಂಗಿನಲ್ಲಿ ಇಷ್ಟೇ ಹೇಳಿಕೊಟ್ಟದ್ದು.
ಬಸ್ಸಿನ ತಗಡಿಗೆ ಅಂಗೈ ಎಷ್ಟು ಅಗಲಿಸಬೇಕು,
ಮಣಿಕಟ್ಟು ಎಲ್ಲಿ ಸಡಿಲ ಬಿಡಬೇಕು,
ಅದು ನನಗೆ ಮೊದಲೇ ಗೊತ್ತಿತ್ತು.

ಕುಂಸಿಯಲ್ಲಿ ಹತ್ತಿದ ಅಜ್ಜಿ
ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ಬಿಚ್ಚಿದಳು.
ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟೆ.
ಅದನ್ನು ಮಡಿಸುತ್ತ, ನನ್ನ ಕೂದಲನ್ನೇ ನೋಡುತ್ತ,
"ನಿಂದು ಯಾವ ದೇಶ ತಂಗಿ?" ಅಂದಳು.
"ಯಲ್ಲಾಪುರ, ಅಜ್ಜೀ."
"ಅಲ್ಲ, ಅದಕ್ಕಿಂತ ಮುಂಚೆ?"
ಅದಕ್ಕಿಂತ ಮುಂಚೆ ಹಳಿಯಾಳ, ಅವ್ವನ ತೌರು.
ಅದಕ್ಕೂ ಮುಂಚೆ...
ಅಜ್ಜೀ, ಚೋರಡಿ ಬಂತು, ಇಳಿಯೋರು ಮುಂದೆ ಬನ್ನಿ.

ಹಿಂದಿನ ಸೀಟಿನ ಕಾಲೇಜು ಹುಡುಗರದು ಬೇರೆ ಉತ್ತರ:
"ವೆಸ್ಟ್ ಇಂಡೀಸ್ ಕಣೋ, ಫಾಸ್ಟ್ ಬೌಲರ್!"
ಪಾಸು ತೋರಿಸಿ ಅಂದೆ.
ಒಬ್ಬನದು ಹೋದ ತಿಂಗಳೇ ಮುಗಿದಿತ್ತು.
ದಂಡ ಹಾಕುವಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಶಿವಮೊಗ್ಗದ ಡಿಪೋದಲ್ಲಿ ನಸ್ರುಲ್ಲಾನಿಗೆ ಹೇಳಿ ನಕ್ಕೆ.
ಅವನು ನಗಲಿಲ್ಲ. ಗ್ರೀಸಿನ ಕೈ ಒರೆಸಿ ಫೋನು ತೆಗೆದ:
"ನೋಡಕ್ಕಾ, ಆ ಕಡೆಯ ಒಂದು ದ್ವೀಪದ್ದು."
ಎಣ್ಣೆ ಪೀಪಾಯಿ ಕತ್ತರಿಸಿ, ತಳ ಬಡಿದು ಬಡಿದು,
ಒಂದೊಂದು ತಗ್ಗಿಗೆ ಒಂದೊಂದು ಸ್ವರ ಕೂರಿಸಿದ್ದರು.
ಇದೇ ಪೀಪಾಯಿ, ನಾವು ಹಳೇ ಟಯರು ಒರಗಿಸುವುದು.
ಬಾರಿಸುತ್ತಿದ್ದವಳು ನಮ್ಮ ಮೊನಿಕಾ ಮಾವಶಿಯೇ:
ಅದೇ ಹಣೆ, ಅದೇ ಹೆಗಲು,
ಪೆಟ್ಟು ತಪ್ಪಿದಾಗ ತುಟಿ ಕಚ್ಚುವ ಪರಿಯೂ.
ಮಾತಾಡಿದಳು. ಒಂದಕ್ಷರ ತಿಳಿಯಲಿಲ್ಲ.

ಧಣಿಗಳು ಮೊದಲು ಅವರ ತೊಗಲಿನ ವಾದ್ಯ ನಿಷೇಧಿಸಿದರಂತೆ.
ಬಿದಿರು ಕಡಿದು ನೆಲಕ್ಕೆ ಕುಟ್ಟಿದರಂತೆ.
ಅದಕ್ಕೂ ಪೊಲೀಸರು ಬಂದರಂತೆ.
ಆಮೇಲೆ ಬಿಸ್ಕತ್ತಿನ ಡಬ್ಬಿ, ಆಮೇಲೆ ಪೀಪಾಯಿ.
ನಸ್ರುಲ್ಲಾ ಓದುತ್ತ ಹೋದ,
ನಾನು ದಿನದ ಹಣ ಎಣಿಸುತ್ತ ಎರಡು ಸಲ ತಪ್ಪಿದೆ.

ನಮ್ಮ ದಮಾಮನ್ನು ಯಾರೂ ನಿಷೇಧಿಸಲಿಲ್ಲ.
ಬಸ್ತ್ಯಾಂವ ಅಜ್ಜ ತೀರಿಕೊಂಡ ವರ್ಷ
ಹೊಸ ಮೇಷ್ಟ್ರು ಮನೆಗೆ ಬರುತ್ತಾರೆಂದು
ಅವ್ವನೇ ಅದನ್ನು ಅಟ್ಟಕ್ಕೆ ಹಾಕಿದಳು,
ಮೇಲೊಂದು ಗೋಣಿ ಹೊದಿಸಿ.
ಕೂದಲು ನೆಟ್ಟಗಾಗಲೆಂದು ಎಣ್ಣೆ ಮೆತ್ತಿ
ನಾನು ಸ್ಲೇಟು ಒತ್ತಿಕೊಂಡು ಮಲಗಿದ ವರ್ಷವೂ ಅದೇ.

ಆಮೇಲೆ ಇಲಾಖೆಯವರು ಜೀಪು ಕಳಿಸಿದರು.
ಉತ್ಸವ ಇದೆ, ಊಟ ಇದೆ, ಸರ್ಟಿಫಿಕೇಟೂ ಇದೆ,
ಸೊಂಟಕ್ಕೆ ಎಲೆ ಕಟ್ಟಿಕೊಂಡು ಬನ್ನಿ,
ಮುಖಕ್ಕೆ ಬಿಳಿ ಚುಕ್ಕೆ ಇಟ್ಟುಕೊಳ್ಳಿ.
ಅಜ್ಜ ಬಾರಿಸುವಾಗ ಇಸ್ತ್ರಿಯ ಅಂಗಿ ತೊಡುತ್ತಿದ್ದ,
ಜೇಬಿನಲ್ಲಿ ಬೀಡಿ, ಕೊರಳಲ್ಲಿ ಶಿಲುಬೆ.
ಬೆಂಕಿಯ ಮುಂದೆ ದಮಾಮು ಕಾಯಿಸುತ್ತ
ತೊಗಲು ಬಿಗಿಯಿತೇ ಎಂದು ಬೆರಳಲ್ಲಿ ತಟ್ಟಿ ಕೇಳುವನು,
ಸಂತೆಯಲ್ಲಿ ಕಲ್ಲಂಗಡಿ ಆರಿಸುವವನ ಹಾಗೆ.
ಹಾಡು ಕೊಂಕಣಿಯದು. ನಡುವಿನ ಒಂದು ಶಬ್ದ ಮಾತ್ರ
ಕೊಂಕಣಿಯಲ್ಲ, ಕನ್ನಡವಲ್ಲ, ಮರಾಠಿಯೂ ಅಲ್ಲ.
ಅರ್ಥ ಏನಜ್ಜ?
"ಅದು ಅರ್ಥದ ಶಬ್ದ ಅಲ್ಲ ಮಗಾ.
ಅಲ್ಲಿ ಉಸಿರು ತಗೋಬೇಕು."

ಇವತ್ತು ಸಾಗರದಿಂದ ಕೊನೇ ಬಸ್ಸು.
ಆಯನೂರಿನಲ್ಲಿ ಕಟ್ಟಕಡೆಯವನೂ ಇಳಿದ.
ಉಳಿದದ್ದು ನಾನು, ಡ್ರೈವರ್ ಹಾಲೇಶಪ್ಪ,
ಯಾರೋ ಮರೆತ ಟಿಫನ್ ಡಬ್ಬಿ.
ಬಾಗಿಲಲ್ಲಿ ನಿಂತು ತಗಡಿಗೆ ಎರಡು ಬಡಿದೆ.
ಕೈ ನಿಲ್ಲಲಿಲ್ಲ.
ಮೂರನೆಯದು ಬಿತ್ತು. ತುಸು ತಡೆದು ನಾಲ್ಕನೆಯದು,
ನಡುವೆ ಅಜ್ಜ ಬಿಡುತ್ತಿದ್ದಷ್ಟೇ ಜಾಗ ಬಿಟ್ಟು.

ಹಾಲೇಶಪ್ಪ ಕನ್ನಡಿಯಲ್ಲಿ ನೋಡಿದ:
"ಏನಮ್ಮಾ ಜೆಸಿಂತಾ,
ಹೋಗೋದೋ, ನಿಲ್ಲೋದೋ?"